ಇನ್ಶೂರೆನ್ಸ್ ಜಾಹೀರಾತಿನ ಮಾತು ಪಾಲಿಸಿಯಲ್ಲಿ ಇದೆಯಾ? ದುಡ್ಡು ಕಟ್ಟುವ ಮುಂಚೆ ನೀವೇ ಪರೀಕ್ಷೆ ಮಾಡುವ ಬಗೆ

ಇನ್ಶೂರೆನ್ಸ್ ಜಾಹೀರಾತುಗಳು ಹಸಿ ಸುಳ್ಳು ಹೇಳುವುದು ಕಮ್ಮಿ. ಮೇಲೆ ಐಆರ್‌ಡಿಎಐ ಎಂಬ ನಿಯಂತ್ರಣ ಸಂಸ್ಥೆ ಕೂತಿದೆ. ಒಳಗೆ ಕಂಪನಿಯ ವಕೀಲರು ಒಂದೊಂದು ಸಾಲನ್ನೂ ಓದಿರುತ್ತಾರೆ. ಆದರೂ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತವರು "ಟಿವಿಯಲ್ಲಿ ಹೀಗೆ ಹೇಳಿರಲಿಲ್ವಲ್ಲಾ" ಎಂದು ಗೋಳಾಡುವುದು ನಿಂತಿಲ್ಲ.

ಯಾಕೆಂದರೆ ಜಾಹೀರಾತಿನ ಮಾತು ಯಾರಿಗೆ, ಯಾವಾಗ, ಎಷ್ಟರ ಮಟ್ಟಿಗೆ ನಿಜ ಎನ್ನುವುದು ಇರುವುದು ಪಾಲಿಸಿಯ ಒಳಪುಟಗಳಲ್ಲಿ. ಕ್ಲೇಮ್ ಬಂದಾಗ ಕಂಪನಿ ತೆಗೆದು ನೋಡುವುದು ಆ ಪುಟಗಳನ್ನೇ, ಪೋಸ್ಟರನ್ನಲ್ಲ. ಹಾಗಾಗಿ ಕೆಲಸ ಸರಳ: ಜಾಹೀರಾತಿನ ಪ್ರತಿ ಮಾತನ್ನೂ ಹೌದು ಅಥವಾ ಇಲ್ಲ ಎನ್ನಬಹುದಾದ ಪ್ರಶ್ನೆ ಮಾಡಿ. ಉತ್ತರ ಪಾಲಿಸಿಯ ಯಾವ ಪುಟದಲ್ಲಿದೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ಪುಟ ತೋರಿಸದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದನ್ನು ಹೇಗೆ ಮಾಡುವುದು ಎಂದು ಕೆಳಗೆ ಬರೆದಿದ್ದೇನೆ.

ಹಂತ 1: ಜಾಹೀರಾತನ್ನು ಫೋನಿನಲ್ಲಿ ಇಟ್ಟುಕೊಳ್ಳಿ

ನಮ್ಮ ಬೆಂಗಳೂರಿನ ಮೆಟ್ರೊ ಬೋಗಿಯಲ್ಲಿ ಕಂಡಿದ್ದಾದರೆ ಫೋಟೊ ತೆಗೆಯಿರಿ. ಬಿಎಂಟಿಸಿ ಬಸ್ಸಿನ ಹಿಂಬದಿಯಲ್ಲಿ ಇದ್ದರೂ ಅಷ್ಟೇ, ಹೇಗಿದ್ದರೂ ಸಿಗ್ನಲ್‌ನಲ್ಲಿ ಟೈಮ್ ಇರುತ್ತದೆ. ಯೂಟ್ಯೂಬ್ ವಿಡಿಯೊ ಆದರೆ ಸ್ಕ್ರೀನ್ ರೆಕಾರ್ಡ್ ಮಾಡಿ. ವೆಬ್‌ಸೈಟಿನ ಪುಟವನ್ನು ಪಿಡಿಎಫ್ ಮಾಡಿ, ದಿನಾಂಕ ಹಾಕಿ ಇಟ್ಟುಕೊಳ್ಳಿ. ಮುಂದಿನ ತಿಂಗಳು ಅದೇ ಪುಟದಲ್ಲಿ ಬೇರೆ ಮಾತು ಇರಬಹುದು.

ಅದರಲ್ಲಿ ಮೂರು ವಿಷಯ ಹುಡುಕಿ. ಕಂಪನಿಯ ಪೂರ್ತಿ ಹೆಸರು. ಪಾಲಿಸಿಯ ಹೆಸರು. ಯುಐಎನ್ ಎಂಬ ಪಾಲಿಸಿಯ ಗುರುತಿನ ಸಂಖ್ಯೆ. ಯುಐಎನ್ ಸಿಕ್ಕಿದರೆ ಅದೇ ಪಾಲಿಸಿಯ ಷರತ್ತುಗಳ ಪೂರ್ತಿ ಕಡತವನ್ನು ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. ಕಂಪನಿಗಳು ಒಂದೇ ಹೆಸರಿನಡಿ ಮೂರ್ನಾಲ್ಕು ಬಗೆ ಮಾರುತ್ತವೆ. ಜಾಹೀರಾತಿನಲ್ಲಿ ಕಂಡ ಸೌಲಭ್ಯ ದುಬಾರಿ ಬಗೆಯಲ್ಲಿ ಇರುತ್ತದೆ, ಕಂಡ ಬೆಲೆ ಅಗ್ಗದ ಬಗೆಯದ್ದಾಗಿರುತ್ತದೆ.

ಪಾಲಿಸಿಯ ಹೆಸರೇ ಇಲ್ಲದೆ ಬರೀ ಅಪ್ಪ, ಮಗಳು, ಮಳೆ, ಹಿನ್ನೆಲೆಯಲ್ಲಿ ಕೊಳಲು ಇದ್ದರೆ ಅದು ಕಂಪನಿಯ ಹೆಸರು ಬೆಳೆಸುವ ಜಾಹೀರಾತು. ಅದರಲ್ಲಿ ಪರೀಕ್ಷೆ ಮಾಡಲು ಏನೂ ಇಲ್ಲ. ನೋಡಿ, ಬೇಕಾದರೆ ಕಣ್ಣೊರೆಸಿಕೊಳ್ಳಿ, ಮುಂದೆ ಹೋಗಿ.

"ಐಆರ್‌ಡಿಎಐಯಿಂದ ಮಾತಾಡ್ತಿದ್ದೀವಿ, ನಿಮ್ಮ ಹಳೇ ಪಾಲಿಸಿಗೆ ಬೋನಸ್ ಬಂದಿದೆ" ಎಂಬ ಕರೆ ಬಂದರೆ ಮಾತ್ರ ಅದು ಜಾಹೀರಾತಲ್ಲ, ಮೋಸ. ಐಆರ್‌ಡಿಎಐ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಹಂತ 2: ನಕ್ಷತ್ರ ಚಿಹ್ನೆಯ ಹಿಂದೆ ಹೋಗಿ

ದೊಡ್ಡ ಅಕ್ಷರದ ಅಂಕಿಯ ತಲೆ ಮೇಲೆ ಪುಟ್ಟ ನಕ್ಷತ್ರ ಇರುತ್ತದೆ ಅಲ್ವಾ, ಅದರ ವಿವರ ಕೆಳಗಿನ ಸಣ್ಣ ಅಕ್ಷರದಲ್ಲಿದೆ. ಜಾಹೀರಾತು ಕನ್ನಡದಲ್ಲಿದ್ದು ಷರತ್ತು ಮಾತ್ರ ಇಂಗ್ಲಿಷಿನಲ್ಲಿದ್ದರೆ ಅದು ಸರಿಯಲ್ಲ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ ಪ್ರಕಾರ, ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ವಿಡಿಯೊದಲ್ಲಿ ಕನಿಷ್ಠ 4 ಸೆಕೆಂಡ್ ನಿಲ್ಲಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುವ ಸಾಲು ಕಂಡರೆ ವಿಡಿಯೊ ನಿಲ್ಲಿಸಿ ಓದಿ.

"1 ಕೋಟಿ ಕವರ್, ತಿಂಗಳಿಗೆ ಇಷ್ಟರಿಂದ" ಎಂಬ ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ಜೀವ ವಿಮೆ) ಜಾಹೀರಾತನ್ನೇ ತೆಗೆದುಕೊಳ್ಳಿ. ಆ ಬೆಲೆ ಇರುವುದು ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ, ಬೀಡಿ ಸಿಗರೇಟು ಮುಟ್ಟದ, ಯಾವ ಕಾಯಿಲೆಯೂ ಇಲ್ಲದ ವ್ಯಕ್ತಿಗೆ. ಸಾಲದ್ದಕ್ಕೆ ಆನ್‌ಲೈನ್ ರಿಯಾಯಿತಿ, ಮೊದಲ ವರ್ಷದ ರಿಯಾಯಿತಿ ಎಲ್ಲ ಕಳೆದು ತೋರಿಸಿರುತ್ತಾರೆ. ನಿಮಗೆ 38, ಸ್ವಲ್ಪ ಬಿಪಿ ಇದೆ ಎಂದರೆ ಆ ಅಂಕಿ ನಿಮ್ಮದಲ್ಲ. ಹೋಲಿಸುವುದಾದರೆ ನಿಮ್ಮ ನಿಜವಾದ ವಯಸ್ಸು, ನಿಜವಾದ ಅಭ್ಯಾಸ, ನಿಮ್ಮ ಪಿನ್‌ಕೋಡ್ ಹಾಕಿ ಕೊಟೇಶನ್ ತೆಗೆಯಿರಿ. ಆರೋಗ್ಯ ವಿಮೆಯಲ್ಲಿ ಪಿನ್‌ಕೋಡ್ ಮುಖ್ಯ. ಹಲವು ಕಂಪನಿಗಳು ಊರುಗಳನ್ನು ವಲಯ ಮಾಡಿ ದರ ಹಾಕುತ್ತವೆ. ಬೆಂಗಳೂರಿನ ದರ ಹಾಸನದ ದರಕ್ಕಿಂತ ಜಾಸ್ತಿ ಇರಬಹುದು.

ತೆರಿಗೆಯ ಮೇಲೂ ಒಂದು ಕಣ್ಣಿಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಮುಂಚೆ 18% ಇತ್ತು. ಇದು ಸರ್ಕಾರದ ತೀರ್ಮಾನ, ಎಲ್ಲ ಕಂಪನಿಗೂ ಒಂದೇ. ಅದನ್ನೇ ತಮ್ಮ ವಿಶೇಷ ರಿಯಾಯಿತಿ ಎಂಬಂತೆ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಹಂತ 3: "ಗ್ಯಾರಂಟಿ", "ಡಬಲ್", "ಕೋಟಿ" ಕಂಡರೆ ವರ್ಷದ ಬಡ್ಡಿಗೆ ಇಳಿಸಿ

"ವರ್ಷಕ್ಕೆ 1 ಲಕ್ಷದಂತೆ 10 ವರ್ಷ ಕಟ್ಟಿ, 20 ವರ್ಷ ಆದ ಮೇಲೆ 20 ಲಕ್ಷ ಪಡೆಯಿರಿ. ಕಟ್ಟಿದ್ದರ ಎರಡರಷ್ಟು, ಗ್ಯಾರಂಟಿ!" ಹೀಗೊಂದು ಜಾಹೀರಾತು ಇದೆ ಅಂದುಕೊಳ್ಳಿ. ಮಾತು ಉಳಿಸಿಕೊಳ್ಳುತ್ತಾರಾ? ಖಂಡಿತ. ಆದರೆ ಆ ಮಾತಿನ ತೂಕ ಎಷ್ಟು? ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 4.5% ಬಡ್ಡಿ ಬಿದ್ದಂತಾಗುತ್ತದೆ. ಗ್ಯಾರಂಟಿ ಇರುವುದು ಮೊತ್ತಕ್ಕೆ. ಆ ಮೊತ್ತ ನಿಮಗೆ ಸಾಲುತ್ತದೆ ಎನ್ನುವುದಕ್ಕೆ ಯಾರ ಗ್ಯಾರಂಟಿಯೂ ಇಲ್ಲ.

ಲೆಕ್ಕ ಹಾಕಲು ಗಣಿತದ ಮೇಷ್ಟ್ರು ಬೇಕಿಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆರೆಯಿರಿ. ಒಂದು ಕಾಲಂನಲ್ಲಿ ವರ್ಷಕ್ಕೊಂದು ಸಾಲಿನಂತೆ ಕಟ್ಟುವ ಹಣವನ್ನು ಮೈನಸ್ ಹಾಕಿ ಬರೆಯಿರಿ. ಕಟ್ಟದ ವರ್ಷಕ್ಕೆ ಸೊನ್ನೆ. ಕೊನೆಯಲ್ಲಿ ಬರುವ ಹಣವನ್ನು ಪ್ಲಸ್ ಆಗಿ ಬರೆಯಿರಿ. ಅದರ ಕೆಳಗೆ ಐಆರ್‌ಆರ್ (IRR) ಸೂತ್ರ ಹಾಕಿದರೆ ಶೇಕಡಾವಾರು ಬರುತ್ತದೆ. ಅದನ್ನು ನಿಮ್ಮ ಬ್ಯಾಂಕಿನ ಎಫ್‌ಡಿ ದರದ ಪಕ್ಕದಲ್ಲಿಟ್ಟು ನೋಡಿ.

ಯೂಲಿಪ್ ಪಾಲಿಸಿಗಳ ಆಟ ಬೇರೆ. ಅಲ್ಲಿ ಪ್ರೀಮಿಯಂನ ಒಂದು ಭಾಗ ಷೇರು, ಬಾಂಡ್ ಮಾರುಕಟ್ಟೆಗೆ ಹೋಗುತ್ತದೆ, ಗ್ಯಾರಂಟಿ ಇಲ್ಲ. "ತಿಂಗಳಿಗೆ 10,000ದಂತೆ 10 ವರ್ಷ ಕಟ್ಟಿ, 20 ವರ್ಷಕ್ಕೆ 1 ಕೋಟಿ ಪಡೆಯಿರಿ" ಎಂಬುದು ಹಿಂದಿನ ಯಾವುದೋ ಒಳ್ಳೆಯ ಕಾಲದ ಲಾಭವನ್ನು ಮುಂದಕ್ಕೆ ಎಳೆದು ತೋರಿಸಿದ ಅಂಕಿ. ಕಂಪನಿ ನಿಮಗೆ ಕೊಡಬೇಕಾದ ಲಾಭದ ಪಟ್ಟಿಯಲ್ಲಿ, ಅಂದರೆ ಬೆನಿಫಿಟ್ ಇಲಸ್ಟ್ರೇಶನ್‌ನಲ್ಲಿ, 4% ಮತ್ತು 8% ಎಂಬ ಎರಡು ಊಹೆಯ ಲೆಕ್ಕ ಇರುತ್ತದೆ. ತಿಂಗಳಿಗೆ 10,000ದಂತೆ 10 ವರ್ಷ ಕಟ್ಟಿ ಇನ್ನೂ 10 ವರ್ಷ ಬಿಟ್ಟರೆ, ಯಾವ ಶುಲ್ಕವನ್ನೂ ಕಳೆಯದೆ, 8%ಗೆ ಸುಮಾರು 39ರಿಂದ 40 ಲಕ್ಷ ಆಗುತ್ತದೆ. 4%ಗೆ ಸುಮಾರು 22 ಲಕ್ಷ. ಕೋಟಿ ಎಲ್ಲಿಂದ ಬಂತು ಎಂದು ಕೇಳಿ, ಮಾರುವವರು ವಿವರಿಸಲಿ.

ಯೂಲಿಪ್ ಅನ್ನು ಹೂಡಿಕೆ ಎಂದು ಜಾಹೀರಾತು ಮಾಡುವಂತಿಲ್ಲ ಎಂದು ಐಆರ್‌ಡಿಎಐ 2024ರಲ್ಲೇ ಹೇಳಿದೆ. 5 ವರ್ಷ ಆ ಹಣ ಕೈಗೆ ಸಿಗುವುದಿಲ್ಲ. ಎಫ್‌ಡಿ ರಿನ್ಯೂ ಮಾಡಲು ಬ್ಯಾಂಕಿಗೆ ಹೋದ ತಾತನಿಗೆ "ಇದೂ ಎಫ್‌ಡಿ ತರಾನೇ ಸರ್, ಬಡ್ಡಿ ಜಾಸ್ತಿ" ಎಂದು ಸಹಿ ಹಾಕಿಸುವುದು ಈ ಊರಿನಲ್ಲಿ ಹೊಸದಲ್ಲ. ಮನೆಯ ಹಿರಿಯರಿಗೆ ಒಂದೇ ಒಂದು ಪಾಠ ಹೇಳಿಕೊಡಿ: ಕಾಗದದ ಮೇಲೆ "ಪ್ರೀಮಿಯಂ" ಎಂದಿದ್ದರೆ ಅದು ಎಫ್‌ಡಿ ಅಲ್ಲ.

ಹಂತ 4: ಆರೋಗ್ಯ ವಿಮೆಯನ್ನು ಒಂದು ಬಿಲ್ಲಿನ ಮೇಲೆ ಓಡಿಸಿ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಜಾಸ್ತಿ ಏಟು ತಿನ್ನುವುದು ಇಲ್ಲೇ.

ಒಂದು ಊಹೆಯ ಬಿಲ್ಲು. 5 ಲಕ್ಷದ ಪಾಲಿಸಿ. ರೂಮ್ ಬಾಡಿಗೆಯ ಮಿತಿ ಕವರ್ ಮೊತ್ತದ 1%, ಅಂದರೆ ದಿನಕ್ಕೆ 5,000. ಆಪರೇಶನ್‌ಗೆ ಅಡ್ಮಿಟ್ ಆದಾಗ ಶೇರಿಂಗ್ ರೂಮ್ ಖಾಲಿ ಇಲ್ಲ ಎಂದು 8,000ದ ರೂಮ್ ತೆಗೆದುಕೊಂಡಿರಿ. 4 ದಿನ. ಮನಸ್ಸಿನಲ್ಲಿ ಹಾಕಿಕೊಂಡ ಲೆಕ್ಕ: ದಿನಕ್ಕೆ 3,000 ವ್ಯತ್ಯಾಸ, ಒಟ್ಟು 12,000 ಕೈಯಿಂದ ಹೋಗುತ್ತದೆ, ಪರವಾಗಿಲ್ಲ.

ಬಿಲ್ಲು ಬಂತು. ರೂಮ್ 32,000. ಸರ್ಜನ್, ಅರಿವಳಿಕೆ ಡಾಕ್ಟರ್, ಆಪರೇಶನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,60,000. ಔಷಧ, ಪರೀಕ್ಷೆ, ದೇಹದೊಳಗೆ ಹಾಕಿದ ಇಂಪ್ಲಾಂಟ್ 70,000. ಗ್ಲೌಸ್, ಮಾಸ್ಕ್ ಇತ್ಯಾದಿ 8,000. ಒಟ್ಟು 2,70,000. ಪಾಲಿಸಿ 5 ಲಕ್ಷದ್ದು, ಪೂರ್ತಿ ಬರಬೇಕು ಅಲ್ವಾ?

ಬರುವುದಿಲ್ಲ. ರೂಮಿಗೆ 20,000 ಮಾತ್ರ. ಮಿತಿ ಮೀರಿದ ರೂಮ್ ತೆಗೆದುಕೊಂಡದ್ದಕ್ಕೆ ಡಾಕ್ಟರ್, ಥಿಯೇಟರ್, ನರ್ಸಿಂಗ್ ಖರ್ಚನ್ನೂ ಅದೇ ಪ್ರಮಾಣದಲ್ಲಿ, ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. 1,60,000 ಹೋಗಿ 1,00,000 ಆಯಿತು. ಔಷಧ, ಪರೀಕ್ಷೆ, ಇಂಪ್ಲಾಂಟ್‌ಗಳಿಗೆ ಈ ಕಡಿತ ಹಾಕುವಂತಿಲ್ಲ, ಆ 70,000 ಪೂರ್ತಿ ಬರುತ್ತದೆ. ಗ್ಲೌಸ್ ಮಾಸ್ಕಿನ 8,000 ಬರುವುದಿಲ್ಲ. ಒಟ್ಟು ಬಂದದ್ದು 1,90,000. ಕೈಯಿಂದ ಕಟ್ಟಿದ್ದು 12,000 ಅಲ್ಲ, 80,000.

"5 ಲಕ್ಷದ ಕವರ್" ಎಂದ ಜಾಹೀರಾತು ಸುಳ್ಳು ಹೇಳಿತಾ? ಇಲ್ಲ. ರೂಮ್ ಬಾಡಿಗೆಯ ಮಿತಿಯನ್ನು ದೊಡ್ಡ ಅಕ್ಷರದಲ್ಲಿ ಹೇಳಲಿಲ್ಲ, ಅಷ್ಟೇ. ನನ್ನ ಪ್ರಕಾರ ಬೆಂಗಳೂರಿನಲ್ಲಿ ಇರುವವರು ರೂಮ್ ಮಿತಿ ಇರುವ ಪಾಲಿಸಿಯನ್ನು ಮುಟ್ಟಲೇಬಾರದು. ಪ್ರೀಮಿಯಂ ಸ್ವಲ್ಪ ಜಾಸ್ತಿ ಆದರೂ ಮಿತಿ ಇಲ್ಲದ್ದನ್ನೇ ತಗೊಳ್ಳಿ. ಈಗಾಗಲೇ ಮಿತಿ ಇರುವ ಪಾಲಿಸಿ ಇದ್ದರೆ ಮಿತಿಯೊಳಗಿನ ರೂಮನ್ನೇ ಕೇಳಿ. ಎಲ್ಲ ರೂಮಿಗೂ ಒಂದೇ ದರ ಹಾಕುವ ಆಸ್ಪತ್ರೆಯಲ್ಲಿ ಈ ಪ್ರಮಾಣದ ಕಡಿತ ಹಾಕುವಂತಿಲ್ಲ, ಐಸಿಯು ಬಾಡಿಗೆಗೂ ಹಾಕುವಂತಿಲ್ಲ. ಕಡಿತ ಕಂಡರೆ ಇವೆರಡನ್ನೂ ಕೇಳಿ.

ಇದೇ ಬಿಲ್ಲನ್ನು ಕೈಯಲ್ಲಿ ಹಿಡಿದು ಉಳಿದ ಮಾತುಗಳನ್ನೂ ನೋಡಿ.

"ಮೊದಲ ದಿನದಿಂದಲೇ ಕವರ್." ಅಪಘಾತಕ್ಕೆ ಹೌದು. ಕಾಯಿಲೆಗೆ ಸಾಮಾನ್ಯವಾಗಿ ಮೊದಲ 30 ದಿನ ಇಲ್ಲ. ಹರ್ನಿಯಾ, ಕಣ್ಣಿನ ಪೊರೆ, ಮಂಡಿ ಬದಲಾವಣೆ ಇಂಥವಕ್ಕೆ ಹೆಚ್ಚಾಗಿ 2 ವರ್ಷ ಕಾಯಬೇಕು, ಕೆಲವು ಕಡೆ 3. ಮುಂಚೆಯೇ ಇದ್ದ ಶುಗರ್, ಬಿಪಿ ಇತ್ಯಾದಿಗೆ ಗರಿಷ್ಠ 36 ತಿಂಗಳು. ಇದು 2024ರ ಏಪ್ರಿಲ್‌ನಿಂದ ಬಂದ ನಿಯಮ, ಮುಂಚೆ 48 ತಿಂಗಳಿತ್ತು. ಜಾಹೀರಾತು ಹೇಳುವುದು ಈ ಕಾಯಿಲೆಗಳಲ್ಲಿ ಯಾವುದಕ್ಕೆ ಎಂದು ನೋಡಿ.

"ಎಲ್ಲ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್." ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು. ಜೀವ ವಿಮೆ ಬಿಟ್ಟು ಉಳಿದ ವಿಮಾ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿಯಲ್ಲಿ ಇಂಥ ಒಂದು ಏರ್ಪಾಡು ತಂದಿತು. ಆದರೆ ಮೊದಲೇ ಗೊತ್ತಿರುವ ಚಿಕಿತ್ಸೆಗೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು, ತುರ್ತು ಇದ್ದರೆ ಅಡ್ಮಿಟ್ ಆದ 48 ಗಂಟೆಯೊಳಗೆ. ಆಸ್ಪತ್ರೆಯೂ ಒಪ್ಪಬೇಕು. ಕಂಪನಿಯ ಪಟ್ಟಿಯಲ್ಲಿರುವ ಸಾವಿರಾರು ಆಸ್ಪತ್ರೆ ನಿಮಗೆ ಏನೂ ಹೇಳುವುದಿಲ್ಲ. ನಿಮ್ಮ ಮನೆಯಿಂದ ಅರ್ಧ ಗಂಟೆಯಲ್ಲಿ ತಲುಪಬಹುದಾದ ಮೂರು ಆಸ್ಪತ್ರೆ ಬರೆದುಕೊಳ್ಳಿ. ರಾಜಾಜಿನಗರದವರು ವೈಟ್‌ಫೀಲ್ಡಿನ ಆಸ್ಪತ್ರೆ ಲೆಕ್ಕಕ್ಕೆ ಹಿಡಿದು ಪ್ರಯೋಜನವಿಲ್ಲ. ಆ ಮೂರರ ಇನ್ಶೂರೆನ್ಸ್ ಡೆಸ್ಕ್‌ಗೆ ಫೋನ್ ಮಾಡಿ "ಈ ಕಂಪನಿಯ ಕ್ಯಾಶ್‌ಲೆಸ್ ಈಗ ನಡೀತಿದೆಯಾ" ಎಂದು ಕೇಳಿ. ಆ ಡೆಸ್ಕಿನಲ್ಲಿ ಕೂತವರಿಗೆ ಗೊತ್ತಿರುವಷ್ಟು ಸತ್ಯ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

"ಅರ್ಧ ಗಂಟೆಯಲ್ಲಿ ಅಪ್ರೂವಲ್." ಇದು ಅಡ್ಮಿಟ್ ಆಗುವಾಗಿನ ಮೊದಲ ಒಪ್ಪಿಗೆ, ಅದೂ ಬಿಲ್ಲಿನ ಒಂದು ಭಾಗಕ್ಕೆ ಮಾತ್ರ ಇರಬಹುದು. ನಿಮ್ಮನ್ನು ಸಾಯಿಸುವುದು ಡಿಸ್‌ಚಾರ್ಜ್ ದಿನದ ಕಾಯುವಿಕೆ. ಐಆರ್‌ಡಿಎಐ 2024ರ ಮೇ 29ರ ಸುತ್ತೋಲೆಯಲ್ಲಿ ಮೊದಲ ಒಪ್ಪಿಗೆಗೆ 1 ಗಂಟೆ, ಡಿಸ್‌ಚಾರ್ಜ್ ಒಪ್ಪಿಗೆಗೆ 3 ಗಂಟೆ ಎಂದು ಗಡುವು ಹಾಕಿದೆ. 3 ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪನಿಯೇ ಕಟ್ಟಬೇಕು. ಆಸ್ಪತ್ರೆ ಬಿಲ್ ಕಳಿಸಿದ ಸಮಯ ಕೇಳಿ ಬರೆದಿಟ್ಟುಕೊಳ್ಳಿ.

"ಅನ್‌ಲಿಮಿಟೆಡ್ ರೀಸ್ಟೋರ್." ಕವರ್ ಖರ್ಚಾದರೆ ಮತ್ತೆ ತುಂಬುತ್ತದೆ ಎಂಬ ಮಾತು. ಅದೇ ವರ್ಷ, ಅದೇ ಕಾಯಿಲೆಗೆ, ಅದೇ ವ್ಯಕ್ತಿಗೆ ತುಂಬುತ್ತದಾ? ಮೊದಲ ಕ್ಲೇಮಿಗೇ ಸಿಗುತ್ತದಾ, ಎರಡನೆಯದರಿಂದಲಾ? ಎರಡನೆಯದರಿಂದ ಎಂದಾದರೆ ಒಂದೇ ದೊಡ್ಡ ಆಪರೇಶನ್ 8 ಲಕ್ಷ ಆದಾಗ 5 ಲಕ್ಷದ ಪಾಲಿಸಿ 5 ಲಕ್ಷವನ್ನೇ ಕೊಡುತ್ತದೆ.

"ಜೀವನಪೂರ್ತಿ ರಿನ್ಯೂವಲ್." ನಿಜ. ಅದೇ ಬೆಲೆಗೆ ಎಂದು ಯಾರೂ ಹೇಳಿಲ್ಲ. 60 ದಾಟಿದವರಿಗೆ ವರ್ಷಕ್ಕೆ 10%ಕ್ಕಿಂತ ಜಾಸ್ತಿ ಏರಿಸುವುದಿದ್ದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು ಎಂದು 2025ರ ಜನವರಿಯಲ್ಲಿ ಆದೇಶ ಬಂದಿದೆ. ಅಪ್ಪ ಅಮ್ಮನ ಪಾಲಿಸಿ ತೆಗೆದುಕೊಳ್ಳುವಾಗ ಕೋ-ಪೇ ಎಷ್ಟು ಎಂದೂ ನೋಡಿ. 20% ಎಂದಿದ್ದರೆ ಪ್ರತಿ ಬಿಲ್ಲಿನ ಐದರಲ್ಲಿ ಒಂದು ಪಾಲು ನಿಮ್ಮದು.

ಹಂತ 5: "99% ಕ್ಲೇಮ್ ಸೆಟಲ್‌ಮೆಂಟ್"

ಜೀವ ವಿಮೆಯ ಸಾವಿನ ಕ್ಲೇಮ್‌ಗಳಲ್ಲಿ ಬಹುತೇಕ ಕಂಪನಿಗಳು 95% ದಾಟುತ್ತವೆ. ಹಾಗಾಗಿ ಈ ಅಂಕಿಯಿಂದ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಕಷ್ಟ. ಅಲ್ಲದೆ ಇದು ಎಷ್ಟು ಕ್ಲೇಮ್ ಎಂಬ ಲೆಕ್ಕ, ಎಷ್ಟು ರೂಪಾಯಿ ಎಂಬ ಲೆಕ್ಕವಲ್ಲ. ಆರೋಗ್ಯ ವಿಮೆಯಲ್ಲಿ ಇಂಥ ಅಂಕಿ ತೋರಿಸಿದರೆ, ಮೇಲಿನ ಬಿಲ್ಲಿನಲ್ಲಿ 80,000 ಕಡಿದು ಕೊಟ್ಟದ್ದೂ ಅಲ್ಲಿ "ಸೆಟಲ್ ಆಯಿತು" ಎಂದೇ ಸೇರುತ್ತದೆ.

ಆರೋಗ್ಯ ವಿಮೆಯ ಚಿತ್ರ ಇಷ್ಟು ಚೆಂದ ಇಲ್ಲ. ಐಆರ್‌ಡಿಎಐ ವಾರ್ಷಿಕ ವರದಿ ಪ್ರಕಾರ 2023-24ರಲ್ಲಿ ಒಟ್ಟು ಕ್ಲೇಮ್‌ಗಳಲ್ಲಿ 83% ಪಾವತಿ ಆಗಿದ್ದವು, 11% ತಿರಸ್ಕಾರ, 6% ಬಾಕಿ. ಇದು ಇಡೀ ಉದ್ಯಮದ್ದು. ನಿಮ್ಮ ಕಂಪನಿಯದ್ದು ಬೇಕಾದರೆ ಅದರ ವೆಬ್‌ಸೈಟಿನ ತಳದಲ್ಲಿ "ಪಬ್ಲಿಕ್ ಡಿಸ್‌ಕ್ಲೋಶರ್" ಎಂಬ ಕೊಂಡಿ ಇದೆ, ಯಾರೂ ಒತ್ತದ ಕೊಂಡಿ. ಆರೋಗ್ಯ ಮತ್ತು ಗಾಡಿ ವಿಮೆಗೆ ಅಲ್ಲಿ ಎನ್‌ಎಲ್-37 ಫಾರಂನಲ್ಲಿ ಕ್ಲೇಮ್ ವಿವರ, ಎನ್‌ಎಲ್-45ರಲ್ಲಿ ದೂರುಗಳ ವಿವರ ಇರುತ್ತದೆ. ಜಾಹೀರಾತಿನ 99ರ ಪಕ್ಕ ಅದನ್ನು ಇಟ್ಟು ನೋಡಿ.

ಹಂತ 6: ಗಾಡಿ ವಿಮೆ

"ಕಾರ್ ಇನ್ಶೂರೆನ್ಸ್ 2,094ರಿಂದ ಶುರು" ಎಂದು ನೋಡಿರುತ್ತೀರಿ. ಅದು 1000 ಸಿಸಿವರೆಗಿನ ಕಾರಿನ ಥರ್ಡ್ ಪಾರ್ಟಿ ದರ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಕೊಡುವ ವಿಮೆಯದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸರ್ಕಾರವೇ ನಿಗದಿ ಮಾಡಿದ್ದು. ಬೈಕಿನ 538 ಕೂಡ ಹಾಗೇ, 75 ಸಿಸಿವರೆಗಿನದ್ದು. ಯಾವ ಕಂಪನಿಗೆ ಹೋದರೂ ಅದೇ ದರ, ಮೇಲೆ ಜಿಎಸ್‌ಟಿ ಬೇರೆ. ಇದರಲ್ಲಿ ನಿಮ್ಮ ಗಾಡಿಗೆ ಆದ ಡ್ಯಾಮೇಜಿಗೆ ಒಂದು ಪೈಸೆಯೂ ಬರುವುದಿಲ್ಲ.

"ಬಂಪರ್ ಟು ಬಂಪರ್", ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ರಿಪೇರಿ ಖರ್ಚು ಕೊಡುವ ಕವರ್, ತಗೊಂಡವರಿಗೂ ಈ ಊರಿನ ಮಳೆಗಾಲದಲ್ಲಿ ಒಂದು ತೂತು ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟಿನಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ನೀರಿನಿಂದ ಆದ ಡ್ಯಾಮೇಜಿಗೆ ಸಮಗ್ರ ಪಾಲಿಸಿ ಕೊಡುತ್ತದೆ. ಆದರೆ ನೀರು ನುಗ್ಗಿದ ಮೇಲೆ ಸ್ಟಾರ್ಟ್ ಮಾಡಲು ಹೋಗಿ ಇಂಜಿನ್ ಸೀಜ್ ಆದರೆ, ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇಲ್ಲದವರಿಗೆ ಸಾಮಾನ್ಯವಾಗಿ ಕೈ ಎತ್ತುತ್ತಾರೆ. ನೀರಿನಲ್ಲಿ ಗಾಡಿ ನಿಂತರೆ ಕೀ ತಿರುಗಿಸಬೇಡಿ. ಟೋ ಮಾಡಿಸಿ.

ಹಂತ 7: ಬರಹದಲ್ಲಿ ಕೇಳಿ

ನಮ್ಮಲ್ಲಿ ಏಜೆಂಟರು ಹೊರಗಿನವರಾಗಿರುವುದು ಕಮ್ಮಿ. ಅಕ್ಕನ ಗಂಡ, ಅಪ್ಪನ ಆಫೀಸಿನ ಗೆಳೆಯರು, ಪಕ್ಕದ ಮನೆ ಆಂಟಿ. "ಎಲ್ಲಾ ಕವರ್ ಆಗುತ್ತಪ್ಪ, ನಾನಿದ್ದೀನಲ್ಲ" ಎಂದರೆ ಎದುರು ಮಾತಾಡುವುದು ಮುಜುಗರ. ಒಂದು ದಾರಿ ಇದೆ, ಪ್ರಶ್ನೆಯನ್ನು ಅವರಿಗಲ್ಲ, ಕಂಪನಿಗೆ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಹೀಗೆ ಕಳಿಸಬಹುದು:

"ಭಾವ, ಪಾಲಿಸಿ ತಗೋತೀನಿ. ಅದಕ್ಕೆ ಮುಂಚೆ ಇವಿಷ್ಟಕ್ಕೆ ಕಂಪನಿ ಇಮೇಲಿಂದ ಉತ್ತರ ತರಿಸಿಕೊಡಿ, ಪಾಲಿಸಿಯ ಪುಟದ ನಂಬರ್ ಸಮೇತ. ರೂಮ್ ಬಾಡಿಗೆಗೆ ಮಿತಿ ಇದೆಯಾ? ನನ್ನ ಬಿಪಿಗೆ ಎಷ್ಟು ತಿಂಗಳು ಕಾಯಬೇಕು? ಕೋ-ಪೇ ಇದೆಯಾ? ಯಾವ ಆಪರೇಶನ್‌ಗೆ ಬೇರೆ ಮಿತಿ ಇದೆ? ರೀಸ್ಟೋರ್ ಅದೇ ಕಾಯಿಲೆಗೆ ಸಿಗುತ್ತಾ? ಗ್ಲೌಸ್, ಮಾಸ್ಕ್ ಖರ್ಚು ಬರುತ್ತಾ?"

ಭಾವನಿಗೆ ಬೇಜಾರೂ ಆಗುವುದಿಲ್ಲ, ನಿಮ್ಮ ಕೈಯಲ್ಲಿ ಒಂದು ದಾಖಲೆಯೂ ಉಳಿಯುತ್ತದೆ. ಇದರ ಜೊತೆ ಗ್ರಾಹಕ ಮಾಹಿತಿ ಪತ್ರವನ್ನು ಕೇಳಿ. ಸಿಐಎಸ್ ಎನ್ನುತ್ತಾರೆ. ಪಾಲಿಸಿಯ ಮುಖ್ಯ ಷರತ್ತುಗಳು ಕೆಲವೇ ಪುಟಗಳಲ್ಲಿ, ಸರಳ ಭಾಷೆಯಲ್ಲಿ ಇರುತ್ತವೆ. 2024ರ ಜನವರಿಯಿಂದ ಹೊಸ ರೂಪದಲ್ಲಿ ಬಂದಿದೆ. ಗ್ರಾಹಕರು ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು. "ಕನ್ನಡದಲ್ಲಿ ಕೊಡಿ" ಎಂದು ಕೇಳುವವರು ತೀರಾ ಕಮ್ಮಿ. ಕೇಳಿ.

ಹಂತ 8: ಪ್ರಪೋಸಲ್ ಫಾರಂ (ಪಾಲಿಸಿಯ ಅರ್ಜಿ) ನೀವೇ ತುಂಬಿ

"ಮೆಡಿಕಲ್ ಟೆಸ್ಟ್ ಇಲ್ಲ, ಐದೇ ನಿಮಿಷದಲ್ಲಿ ಪಾಲಿಸಿ." ಇಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಟೆಸ್ಟ್ ಇಲ್ಲ ಎಂದರೆ ಕಾಯಿಲೆ ಹೇಳಬೇಕಿಲ್ಲ ಎಂದಲ್ಲ. ಟೆಸ್ಟ್ ಮಾಡದೆ ಬಿಟ್ಟು, ಕ್ಲೇಮ್ ಬಂದ ದಿನ ನಿಮ್ಮ ಹಳೇ ಚೀಟಿಗಳನ್ನೆಲ್ಲ ಕೆದಕುತ್ತಾರೆ. "ಶುಗರ್ ಇದೆ ಅಂತ ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಬಿಡಿ ಸರ್" ಎನ್ನುವವರ ಮಾತು ಕೇಳಬೇಡಿ. ಒಟಿಪಿ ಕೊಟ್ಟರೆ ಸಹಿ ಹಾಕಿದಂತೆ. ತುಂಬಿದ ಫಾರಂ ಪೂರ್ತಿ ಓದಿದ ಮೇಲೆಯೇ ಒಟಿಪಿ ಹೇಳಿ.

ಆರೋಗ್ಯ ವಿಮೆ 60 ತಿಂಗಳು ಬಿಡದೆ ನಡೆದರೆ, ಆಮೇಲೆ ಮಾಹಿತಿ ಮುಚ್ಚಿಟ್ಟಿರಿ ಎಂದು ಕ್ಲೇಮ್ ತಿರಸ್ಕರಿಸುವಂತಿಲ್ಲ, ಮೋಸ ಸಾಬೀತಾದರೆ ಮಾತ್ರ ಬೇರೆ ಮಾತು. ಜೀವ ವಿಮೆಯಲ್ಲಿ 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 3 ವರ್ಷ ದಾಟಿದ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ.

ಹಂತ 9: ಕೈಗೆ ಬಂದ ಮೇಲೆ 30 ದಿನ

ಪಾಲಿಸಿ ಕಾಗದ ಅಥವಾ ಇಮೇಲ್ ಬಂದ ದಿನದಿಂದ 30 ದಿನ ಫ್ರೀ ಲುಕ್ ಅವಧಿ. ಹಂತ 1ರ ಫೋಟೊ, ಹಂತ 7ರ ಉತ್ತರ, ಪಾಲಿಸಿ ಮೂರನ್ನೂ ಎದುರಿಗಿಟ್ಟು ಓದಿ. ಹೊಂದಾಣಿಕೆ ಇಲ್ಲದಿದ್ದರೆ ಕಾರಣ ಬರೆದು ವಾಪಸ್ ಮಾಡಿ. ಕವರ್ ಇದ್ದಷ್ಟು ದಿನದ ಖರ್ಚು, ಟೆಸ್ಟ್ ಮತ್ತು ಸ್ಟಾಂಪ್ ಖರ್ಚು ಹಿಡಿದು ಉಳಿದದ್ದು ಬರುತ್ತದೆ. "ಮುಂದಿನ ತಿಂಗಳು ಸರಿಮಾಡಿಸ್ತೀನಿ" ಎಂದು ಯಾರಾದರೂ ಎಂದರೆ ಆ ಮುಂದಿನ ತಿಂಗಳು 31ನೇ ದಿನಕ್ಕೆ ಬೀಳುತ್ತದಾ ನೋಡಿಕೊಳ್ಳಿ.

ಹಂತ 10: ಮಾತು ತಪ್ಪಿದರೆ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಇಮೇಲ್. ದೂರಿನ ನಂಬರ್ ಪಡೆಯಿರಿ. ಅವರಿಗೆ ಎರಡು ವಾರ ಸಮಯ. ಜೊತೆಗೇ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಬಹುದು, ಅಥವಾ 155255ಕ್ಕೆ ಫೋನ್ ಮಾಡಬಹುದು. ಪೋರ್ಟಲ್ ತೀರ್ಪು ಕೊಡುವುದಿಲ್ಲ, ಕಂಪನಿಯ ಬೆನ್ನು ಹತ್ತುತ್ತದೆ.

ಜಾಹೀರಾತೇ ದಾರಿ ತಪ್ಪಿಸುವಂತಿದ್ದರೆ, ನೀವು ಪಾಲಿಸಿ ಕೊಳ್ಳದಿದ್ದರೂ, ಎಎಸ್‌ಸಿಐಗೆ 77100 12345 ವಾಟ್ಸ್ಆ್ಯಪ್‌ನಲ್ಲಿ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದರಲ್ಲಿ ನಟಿಸಿದ ಸ್ಟಾರ್‌ಗಳೂ ಹೊಣೆಯಿಂದ ಪೂರ್ತಿ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಈ ದಂಡದಿಂದ ನಿಮ್ಮ ಜೇಬಿಗೆ ಏನೂ ಬರುವುದಿಲ್ಲ.

ನಿಮ್ಮ ದುಡ್ಡು ವಾಪಸ್ ಬೇಕೆಂದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸಿ ಆದೇಶ ಕೊಡುವ ಅಧಿಕಾರಿ. ಕರ್ನಾಟಕಕ್ಕೆಲ್ಲ ಇರುವ ಕಚೇರಿ ನಮ್ಮೂರಲ್ಲೇ ಇದೆ: ಜೆ.ಪಿ. ನಗರ 1ನೇ ಹಂತ, 24ನೇ ಮುಖ್ಯ ರಸ್ತೆ, ಜೀವನ್ ಸೌಧ ಕಟ್ಟಡದ ನೆಲಮಹಡಿ. ಆನ್‌ಲೈನ್‌ನಲ್ಲೂ ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕಂಪನಿಗೆ ದೂರು ಕೊಟ್ಟು 1 ತಿಂಗಳು ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಹೋಗಬಹುದು. ಹೋಗುವುದಾದರೆ 1 ವರ್ಷದ ಒಳಗೆ. 50 ಲಕ್ಷದವರೆಗೆ ಕೊಡಿಸುವ ಅಧಿಕಾರ ಇದೆ. ಕ್ಲೇಮ್ ತಿರಸ್ಕಾರ ಮಾತ್ರವಲ್ಲ, ಪಾಲಿಸಿಯ ಷರತ್ತನ್ನು ತಪ್ಪಾಗಿ ಹೇಳಿ ಮಾರಿದ್ದೂ ಇಲ್ಲಿ ದೂರಿನ ವಿಷಯವೇ. ಫೋಟೊ, ಇಮೇಲ್, ಭಾವನಿಗೆ ಕಳಿಸಿದ ವಾಟ್ಸ್ಆ್ಯಪ್, ಅವರ ಉತ್ತರ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ, ಮೇಲೆ ಒಂದು ಪುಟದಲ್ಲಿ ಏನಾಯಿತು ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಇಡಿ.

ಆದೇಶ ನಿಮ್ಮ ಪರ ಬಂದರೆ ಕಂಪನಿ 30 ದಿನದಲ್ಲಿ ಪಾಲಿಸಬೇಕು, ತಡ ಮಾಡಿದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಕೊಡಬೇಕು. ನಿಮ್ಮ ವಿರುದ್ಧ ಬಂದರೆ ಗ್ರಾಹಕ ಆಯೋಗದ ಬಾಗಿಲು ಇನ್ನೂ ತೆರೆದಿರುತ್ತದೆ. ನೀವು ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಅಲ್ಲೂ ಅರ್ಜಿ ಶುಲ್ಕ ಇಲ್ಲ.